ಯಜ್ಞದಿಂದ ಶಿಲುಬೆಗೆ: ಫರ್ಡಿನಂಡ್ ಕಿಟ್ಟೆಲ್

ಕನ್ನಡ ವಿದ್ವತ್ ಪರಂಪರೆಯಲ್ಲಿ ರೆವರೆಂಡ್ ಫರ್ಡಿನಂಡ್ ಕಿಟ್ಟೆಲ್ ಅವರ ಹೆಸರು ನಿಘಂಟಿನೊಡನೆ ಬೆಸೆದುಕೊಂಡಿದೆ. ಆದರೆ ಅವರನ್ನು ಈ ನಾಡಿಗೆ ಕರೆತಂದದ್ದು ನಿಘಂಟಲ್ಲ, ಶಿಲುಬೆಯ ಸಂದೇಶ. ಆ ಸಂದೇಶವನ್ನು ಕನ್ನಡದಲ್ಲಿ ಹೇಳಲು ಅವರು ಪಟ್ಟ ಶ್ರಮವನ್ನು ಗಮನಿಸದೆ ಅವರ ಭಾಷಾಸೇವೆಯ ಮೂಲವನ್ನು ಅರಿಯಲಾಗದು.

ಕಿಟ್ಟೆಲ್ ಅವರು 1832ರ ಏಪ್ರಿಲ್‌ನಲ್ಲಿ ಜರ್ಮನಿಯ ಪೂರ್ವ ಫ್ರೀಸ್‌ಲೆಂಡ್ ಪ್ರಾಂತದಲ್ಲಿ ಪಾದ್ರಿಯೊಬ್ಬರ ಮಗನಾಗಿ ಜನಿಸಿದರು. 1850ರಲ್ಲಿ ಬಾಸೆಲ್ ಮಿಷನ್ನಿನ ವಿದ್ಯಾಲಯವನ್ನು ಸೇರಿ, 1853ರಲ್ಲಿ ಭಾರತಕ್ಕೆ ಬಂದು, ಧಾರವಾಡ, ಮಂಗಳೂರು, ಮಡಿಕೇರಿ ಮೊದಲಾದ ಕಡೆ ಸೇವೆ ಸಲ್ಲಿಸಿದರು. ಜನರೊಡನೆ ಬೆರೆತು ಬಾಳಬೇಕೆಂಬ ಅವರ ಹಂಬಲವೂ ಪಾಂಡಿತ್ಯದ ಒಲವೂ ಮಿಷನ್ನಿನ ಹಿರಿಯರಿಗೆ ಯಾವಾಗಲೂ ಹಿಡಿಸಲಿಲ್ಲ.

ಬಾಸೆಲ್ಲಿನ ಭಕ್ತಿಪಂಥದಲ್ಲಿ ಕ್ರಿಸ್ತನ ಮರಣವೇ ಕೇಂದ್ರತತ್ತ್ವ. ಮನುಷ್ಯನ ಪಾಪಕ್ಕೆ ದಂಡನೆ ಇದ್ದೇ ಇದೆ. ದೇವರು ಅದನ್ನು ಕಂಡೂ ಕಾಣದಂತಿದ್ದರೆ ನ್ಯಾಯ ಉಳಿಯದು, ವಿಧಿಸಿದರೆ ಮನುಷ್ಯ ಉಳಿಯನು. ಆದುದರಿಂದ ನಿಷ್ಪಾಪಿಯಾದ ಕ್ರಿಸ್ತನು ಮನುಷ್ಯನ ಸ್ಥಾನದಲ್ಲಿ ತಾನೇ ನಿಂತು ಆ ದಂಡನೆಯನ್ನು ಹೊತ್ತನೆಂಬುದು ಈ ತತ್ತ್ವದ ತಿರುಳು. ಮಾಡಿದವನೇ ಉಣ್ಣಬೇಕೆಂಬ ಕರ್ಮಸಿದ್ಧಾಂತ ಬೇರೂರಿದ್ದ ನಾಡಿನಲ್ಲಿ ಇದನ್ನು ತಿಳಿಸುವುದು ಸುಲಭವಾಗಿರಲಿಲ್ಲ. ಪ್ರಾಯಶ್ಚಿತ್ತವೆಂದರೆ ತಪ್ಪಿತಸ್ಥನೇ ಮಾಡಿಕೊಳ್ಳತಕ್ಕದ್ದು. ಬಲಿಯೆಂದರೆ ಮುನಿದ ದೈವವನ್ನು ತಣಿಸುವ ಕ್ರಿಯೆ. ಎರಡು ಪದಗಳೂ ಹತ್ತಿರ ಬಂದು ದೂರವೇ ಉಳಿಯುತ್ತಿದ್ದವು.

1862ರಲ್ಲಿ ಪ್ರಕಟವಾದ ‘ಕಥಾಮಾಲೆ’ಯಲ್ಲಿ ಕಿಟ್ಟೆಲ್ ಅವರು ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿಗೆ ತಂದರು. ಕಥೆಯನ್ನು ಹೇಳಲು ಪದ್ಯ ಸಾಕು. ತತ್ತ್ವವನ್ನು ಹೇಳಲು ಬೇರೆ ದಾರಿ ಬೇಕಾಯಿತು. 1872ರಲ್ಲಿ ಮಂಗಳೂರಿನಿಂದ ಹೊರಬಂದ ‘ಯಜ್ಞಸುಧಾನಿಧಿ’ಯಲ್ಲಿ ಅವರು ವೈದಿಕ ಯಜ್ಞದ ವಿಚಾರವನ್ನೇ ಎತ್ತಿಕೊಂಡರು. ಈ ಆಯ್ಕೆಗೆ ಆಧಾರವಿತ್ತು. ಪ್ರತಿನಿಧಿಯ ಕಲ್ಪನೆ ವೈದಿಕ ವಾಙ್ಮಯಕ್ಕೆ ಅಪರಿಚಿತವಲ್ಲ. ದೀಕ್ಷಿತನು ತನ್ನನ್ನೇ ದೇವತೆಗಳಿಗೆ ಒಪ್ಪಿಸಿಕೊಂಡವನು, ಪಶುವನ್ನರ್ಪಿಸಿ ತನ್ನನ್ನು ಬಿಡಿಸಿಕೊಳ್ಳುತ್ತಾನೆಂಬ ಭಾವ ಐತರೇಯ ಬ್ರಾಹ್ಮಣದಲ್ಲಿದೆ. ಹರಿಶ್ಚಂದ್ರನ ಮಗ ರೋಹಿತನಿಗೆ ಬದಲಾಗಿ ನೂರು ಗೋವುಗಳಿಗೆ ಕೊಳ್ಳಲ್ಪಟ್ಟು ಯೂಪಕ್ಕೆ ಕಟ್ಟಲ್ಪಟ್ಟ ಶುನಃಶೇಪನ ಕಥೆಯೂ ಅಲ್ಲಿಯೇ ಬರುತ್ತದೆ.

ಆದರೆ ಸಾಮ್ಯದಷ್ಟೇ ಭೇದವೂ ಮುಖ್ಯ. ಯಜ್ಞದಲ್ಲಿ ಪ್ರತಿನಿಧಿಯನ್ನು ಒದಗಿಸುವವನು ಯಜಮಾನ. ಶಿಲುಬೆಯಲ್ಲಿ ಒದಗಿಸುವವನು ದೇವರೇ. ಯಜ್ಞ ಮತ್ತೆ ಮತ್ತೆ ನಡೆಯತಕ್ಕದ್ದು. ಶಿಲುಬೆಯ ಬಲಿ ಒಮ್ಮೆಗೇ ಮುಗಿದದ್ದು. ಶುನಃಶೇಪ ಬೆಲೆಗೆ ಬಂದವನು. ಕ್ರಿಸ್ತನು ತಾನಾಗಿ ಬಂದವನು. ಯಜ್ಞವನ್ನು ಶಿಲುಬೆಯತ್ತ ಸಾಗುವ ಮೆಟ್ಟಿಲೆಂದು ಕಾಣುವ ಪ್ರಚಾರಕನ ನೋಟವನ್ನು ವೈದಿಕರು ಒಪ್ಪಬೇಕಾಗಿಲ್ಲ. ಯಜ್ಞಕ್ಕೆ ತನ್ನದೇ ಆದ ಪೂರ್ಣತೆಯಿದೆಯೆಂಬ ಅವರ ವಾದವೂ ಬಲವಾದುದೇ. ಆದರೂ ಎದುರಾಳಿಯ ಶಾಸ್ತ್ರವನ್ನು ಹಳಿಯದೆ ಓದಿ ಅರಿಯಬೇಕೆಂಬ ನಿಷ್ಠೆ ಈ ಕೃತಿಯ ಹಿರಿಮೆ.

ಅದೇ 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವೂ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯೂ ಅವರ ಸಂಪಾದನೆಯಲ್ಲಿ ಬಂದುದು ಆಕಸ್ಮಿಕವಲ್ಲ. ಒಂದು ತತ್ತ್ವಕ್ಕೆ ತಕ್ಕ ಪದವನ್ನು ಅರಸಿದವನು ಪದಗಳ ಬೇರನ್ನೇ ಅರಸುವಂತಾದನು. ಸುಮಾರು 70,000 ಶಬ್ದಗಳ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 1903ರಲ್ಲಿ ಕನ್ನಡ ವ್ಯಾಕರಣವನ್ನು ಪ್ರಕಟಿಸಿ, ಆ ವರ್ಷದ ಡಿಸೆಂಬರ್‌ನಲ್ಲಿ ಟ್ಯೂಬಿಂಗೆನ್‌ನಲ್ಲೇ ನಿಧನರಾದರು.

‘ಯಜ್ಞಸುಧಾನಿಧಿ’ಯನ್ನು ಇಂದು ಓದುವವರು ವಿರಳ; ನಿಘಂಟನ್ನು ತೆರೆಯದ ಕನ್ನಡ ಸಂಶೋಧಕರಿಲ್ಲ. ಒಬ್ಬನ ಭಾರವನ್ನು ಇನ್ನೊಬ್ಬನು ಹೊರಬಲ್ಲನೆಂಬ ನಂಬಿಕೆಯನ್ನು ಕನ್ನಡಕ್ಕೆ ತರಲು ಹೊರಟವರು, ಕನ್ನಡದ ಭಾರವನ್ನೇ ಹೊತ್ತು ನಡೆದರು. ಅವರ ಮತವನ್ನು ಒಪ್ಪದವರೂ ಈ ಋಣವನ್ನು ಒಪ್ಪಲೇಬೇಕು.