ಒಂದೇ ವರ್ಷ ಶಾಲೆ ಕಲಿತವರ ಕಾರು

ರೋಲ್ಸ್ ರಾಯ್ಸ್ ಎಂಬ ಹೆಸರಿನಲ್ಲಿ ಇಬ್ಬರು ಮನುಷ್ಯರಿದ್ದಾರೆ ಎಂಬುದೇ ನಮ್ಮಲ್ಲಿ ಹಲವರಿಗೆ ಗೊತ್ತಿಲ್ಲ. ಮೊದಲ ಅರ್ಧ ಚಾರ್ಲ್ಸ್ ರೋಲ್ಸ್. ಲಾರ್ಡ್ ಒಬ್ಬರ ಮಗ, ಕೇಂಬ್ರಿಡ್ಜ್‌ನಲ್ಲಿ ಎಂಜಿನಿಯರಿಂಗ್ ಓದಿದವರು, ಲಂಡನ್ನಿನಲ್ಲಿ ಕಾರು ಮಾರುತ್ತಿದ್ದವರು. ಎರಡನೆಯ ಅರ್ಧ ಹೆನ್ರಿ ರಾಯ್ಸ್. ಕಾರನ್ನು ಮಾಡಿದ್ದು ಇವರು. ಇವರು ಶಾಲೆಗೆ ಹೋಗಿದ್ದು ಸುಮಾರು ಒಂದು ವರ್ಷ ಮಾತ್ರ. ಬಿ.ಇ. ಮುಗಿಸಿದರೂ ಕೆಲಸ ಸಿಗುತ್ತದೆಯೋ ಇಲ್ಲವೋ ಎಂದು ಈಗಲೇ ಲೆಕ್ಕ ಹಾಕುತ್ತಿರುವ ನನ್ನಂಥವರಿಗೆ ಈ ಎರಡನೆಯ ಅರ್ಧದ ಕತೆಯೇ ಹೆಚ್ಚು ಹತ್ತಿರದ್ದು.

ಮೈಸೂರಿನವರಿಗೆ ಈ ಕಾರು ಹೊಸದಲ್ಲ. ನಮ್ಮ ಅರಮನೆ ರೋಲ್ಸ್ ರಾಯ್ಸ್‌ಗಳನ್ನು ಒಂದೊಂದಾಗಿ ಅಲ್ಲ, ಏಳೇಳಾಗಿ ತರಿಸುತ್ತಿತ್ತಂತೆ. ಹಾಗಾಗಿ ಆ ಕಂಪನಿಯಲ್ಲಿ ಸಗಟು ಆರ್ಡರ್ ಬಂದರೆ ಅದನ್ನು ‘ಮೈಸೂರು ಮಾಡುವುದು’ ಎಂದೇ ಕರೆಯುತ್ತಿದ್ದರು ಎಂದು ಹಳೆ ಕಾರುಗಳ ಹುಚ್ಚಿರುವವರು ಇಂದಿಗೂ ಹೇಳಿಕೊಳ್ಳುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಇನ್ನೊಂದು ಕತೆ ನಿಮಗೂ ಬಂದಿರಬಹುದು: ಅಂಗಡಿಯವನು ಅವಮಾನ ಮಾಡಿದನೆಂದು ಒಬ್ಬ ಮಹಾರಾಜ ರೋಲ್ಸ್ ರಾಯ್ಸ್‌ಗಳನ್ನು ಕೊಂಡು ಕಸ ಗುಡಿಸಲು ಬಿಟ್ಟನಂತೆ. ಅದೇ ಕತೆ ಒಮ್ಮೆ ಅಲ್ವರ್ ರಾಜರ ಹೆಸರಲ್ಲಿ, ಇನ್ನೊಮ್ಮೆ ಪಟಿಯಾಲ ರಾಜರ ಹೆಸರಲ್ಲಿ ಬರುತ್ತದೆ. ಅದನ್ನು ನಂಬಲು ನನಗೆ ಮನಸ್ಸಿಲ್ಲ. ಕೊಂಡವರ ಕತೆಗಳು ಬೇಕಾದಷ್ಟಾದವು, ಮಾಡಿದವರದ್ದನ್ನು ನೋಡೋಣ.

ಹೆನ್ರಿ ರಾಯ್ಸ್ ಹುಟ್ಟಿದ್ದು 1863ರ ಮಾರ್ಚ್ 27ರಂದು, ಇಂಗ್ಲೆಂಡಿನ ಪೀಟರ್‌ಬರೊ ಹತ್ತಿರದ ಆಲ್ವಾಲ್ಟನ್ ಎಂಬ ಹಳ್ಳಿಯಲ್ಲಿ. ಐದು ಮಕ್ಕಳಲ್ಲಿ ಕೊನೆಯವರು. ಅಪ್ಪ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಗಿರಣಿ ಕೈಹಿಡಿಯಲಿಲ್ಲ, ಸಂಸಾರ ಲಂಡನ್ನಿಗೆ ಬಂತು. ಹುಡುಗನಿಗೆ ಒಂಬತ್ತು ವರ್ಷವಿದ್ದಾಗ ಅಪ್ಪ ತೀರಿಕೊಂಡರು. ಆಮೇಲೆ ಹೆನ್ರಿ ಪತ್ರಿಕೆ ಮಾರಿದ, ಅಂಚೆ ಕಚೇರಿಯ ಟೆಲಿಗ್ರಾಂ ಹಂಚಿದ. ನಡುವೆ ಸಿಕ್ಕಷ್ಟು ಓದಿದ.

1878ರಲ್ಲಿ ಅತ್ತೆಯೊಬ್ಬರು ವರ್ಷಕ್ಕೆ 20 ಪೌಂಡ್ ಕಟ್ಟಲು ಒಪ್ಪಿದ್ದರಿಂದ ಪೀಟರ್‌ಬರೊದಲ್ಲಿ ಗ್ರೇಟ್ ನಾರ್ದರ್ನ್ ರೈಲ್ವೆಯ ಕಾರ್ಖಾನೆಗೆ ಅಪ್ರೆಂಟಿಸ್ ಆಗಿ ಸೇರಿಕೊಂಡ. ಅಲ್ಲಿಯೇ ಲೋಹದ ಕೆಲಸ ಕೈಗೆ ಹತ್ತಿದ್ದು. ಯಾದವಗಿರಿಯಲ್ಲಿರುವ ನಮಗೆ ಕೆ.ಆರ್.ಎಸ್. ರಸ್ತೆಯ ರೈಲು ಮ್ಯೂಸಿಯಂ ಕೂಗಳತೆ ದೂರ. ಅಲ್ಲಿ ನಿಂತಿರುವ ಹಳೆ ಉಗಿಬಂಡಿಗಳ ಗಾಲಿ ಜೋಡಿಸುವ ರಾಡುಗಳನ್ನು ಒಮ್ಮೆ ಹತ್ತಿರದಿಂದ ನೋಡಿ. ಅಷ್ಟು ದೊಡ್ಡ ಉಕ್ಕಿನ ತುಂಡನ್ನು ಫೈಲಿನಿಂದ ಉಜ್ಜಿ ಕೂದಲೆಳೆಯಷ್ಟು ಸರಿಮಾಡುವುದನ್ನು ಹದಿನೈದು ವರ್ಷದ ಹುಡುಗ ಕಲಿತ ಎಂದರೆ ಏನೆಂದು ಅಂದಾಜಾಗುತ್ತದೆ.

ಮೂರು ವರ್ಷಕ್ಕೆ ಅತ್ತೆಯ ದುಡ್ಡು ಮುಗಿಯಿತು. ಅಪ್ರೆಂಟಿಸ್‌ಶಿಪ್ ಅರ್ಧಕ್ಕೆ ನಿಂತಿತು. ಫೀಸು ಕಟ್ಟಲಾಗದೆ ಕೋರ್ಸು ಬಿಡುವುದು ಅಂದಿಗೂ ಇತ್ತು, ಇಂದಿಗೂ ನಮ್ಮ ಸುತ್ತಲೇ ಇದೆ. ಪೂರ್ತಿ ತರಬೇತಿಯ ಕಾಗದ ಇಲ್ಲದ ಹುಡುಗ ಕೆಲಸ ಹುಡುಕಿಕೊಂಡು ಲೀಡ್ಸ್‌ಗೆ ಹೋಗಿ, ಉಪಕರಣ ಮಾಡುವ ಕಡೆ ವಾರಕ್ಕೆ 11 ಶಿಲಿಂಗ್‌ಗೆ ದುಡಿದ. ಮತ್ತೆ ಲಂಡನ್ನಿಗೆ ಬಂದು ಎಲೆಕ್ಟ್ರಿಕ್ ಕಂಪನಿ ಸೇರಿದ. ಆಗ ವಿದ್ಯುತ್ ಎಂದರೆ ಇಂದಿನ ಎಐ ಇದ್ದಂತೆ, ಎಲ್ಲರಿಗೂ ಹೊಸದು, ಪದವಿ ಇದ್ದವರೂ ಹೊಸಬರೇ. ಹಗಲು ಕೆಲಸ, ಸಂಜೆ ತರಗತಿ. 1882ರಲ್ಲಿ ಲಿವರ್‌ಪೂಲ್‌ನ ಬೀದಿ ಮತ್ತು ರಂಗಮಂದಿರಗಳಿಗೆ ದೀಪ ಹಾಕುವ ಕೆಲಸದಲ್ಲಿ ಮುಖ್ಯ ಎಲೆಕ್ಟ್ರಿಷಿಯನ್ ಆದರು. ಕಂಪನಿ ಮುಳುಗಿತು.

1884ರಲ್ಲಿ ತಮ್ಮ 20 ಪೌಂಡ್ ಉಳಿತಾಯಕ್ಕೆ ಗೆಳೆಯ ಅರ್ನೆಸ್ಟ್ ಕ್ಲೇರ್‌ಮಾಂಟ್ ತಂದ 50 ಪೌಂಡ್ ಸೇರಿಸಿ ಮ್ಯಾಂಚೆಸ್ಟರ್‌ನ ಕುಕ್ ಸ್ಟ್ರೀಟ್‌ನಲ್ಲಿ ಸ್ವಂತ ವರ್ಕ್‌ಶಾಪ್ ತೆರೆದರು. ಮೊದಲು ಮನೆಯ ಕರೆಗಂಟೆ, ಬಲ್ಬ್ ಹೋಲ್ಡರ್. ಆಮೇಲೆ ಕಿಡಿ ಹಾರದ ಡೈನಮೊ, ಕೊನೆಗೆ ಎಲೆಕ್ಟ್ರಿಕ್ ಕ್ರೇನ್. ಇಪ್ಪತ್ತು ವರ್ಷ ಹೀಗೆಯೇ ನಡೆಯಿತು. ಸ್ಟಾರ್ಟಪ್ ಎಂದರೆ ಮೂರು ವರ್ಷದಲ್ಲಿ ಕೋಟಿ ಎಂದುಕೊಳ್ಳುವ ನಮಗೆ ಈ ಇಪ್ಪತ್ತು ವರ್ಷ ಬೇಸರ ತರಿಸುವಂಥದ್ದು. ಆದರೆ ಕಾರಿನಲ್ಲಿ ಮುಂದೆ ಬಂದದ್ದೆಲ್ಲ ಇಲ್ಲೇ ತಯಾರಾಗಿದ್ದು.

1900ರ ಹೊತ್ತಿಗೆ ಜರ್ಮನಿ, ಅಮೆರಿಕದ ಅಗ್ಗದ ಕ್ರೇನ್‌ಗಳು ಬಂದು ವ್ಯಾಪಾರ ಕುಸಿಯಿತು. ರಾಯ್ಸ್ ಆರೋಗ್ಯವೂ ಕುಸಿಯಿತು. ವಿಶ್ರಾಂತಿಯ ಕಾಲದಲ್ಲಿ ಅವರು ಡೆಕಾವಿಲ್ ಎಂಬ ಎರಡು ಸಿಲಿಂಡರಿನ ಸೆಕೆಂಡ್‌ಹ್ಯಾಂಡ್ ಫ್ರೆಂಚ್ ಕಾರು ಕೊಂಡರು. ಅದು ನಡುಗುತ್ತಿತ್ತು, ಕಾಯುತ್ತಿತ್ತು, ಗದ್ದಲ ಮಾಡುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಮಾರಿಬಿಡುತ್ತಿದ್ದರು. ರಾಯ್ಸ್ ಅದನ್ನು ಬಿಚ್ಚಿ, ಒಂದೊಂದೇ ಭಾಗವನ್ನು ಸರಿಪಡಿಸುತ್ತ ಹೋಗಿ, ಕೊನೆಗೆ ತಾವೇ ಮೂರು ಕಾರು ಮಾಡಲು ಹೊರಟರು. ಮೊದಲನೆಯದು 1904ರ ಏಪ್ರಿಲ್ 1ರಂದು ರಸ್ತೆಗಿಳಿಯಿತು. ಅದರಲ್ಲಿ ಹೊಸ ಆವಿಷ್ಕಾರವೆಂದು ತೋರಿಸುವಂಥದ್ದು ಹೆಚ್ಚೇನೂ ಇರಲಿಲ್ಲ. ಇದ್ದದ್ದನ್ನೇ ಸರಿಯಾಗಿ ಮಾಡಲಾಗಿತ್ತು. ಇಗ್ನಿಷನ್, ಕಾರ್ಬ್ಯುರೇಟರ್, ಸಮತೋಲನ, ಅಷ್ಟೇ. ಆ ವರ್ಷ ಮೇ 4ರಂದು ಮ್ಯಾಂಚೆಸ್ಟರ್‌ನ ಮಿಡ್‌ಲ್ಯಾಂಡ್ ಹೋಟೆಲ್‌ನಲ್ಲಿ ರೋಲ್ಸ್ ಬಂದು ಭೇಟಿಯಾದರು. ರಾಯ್ಸ್ ಮಾಡಿದ ಕಾರುಗಳನ್ನೆಲ್ಲ ರೋಲ್ಸ್ ಮಾರಬೇಕು, ಎರಡೂ ಹೆಸರು ಇರಬೇಕು ಎಂದು ಒಪ್ಪಂದವಾಯಿತು. 1906ರಲ್ಲಿ ಕಂಪನಿ ಹುಟ್ಟಿತು.

ಇಲ್ಲಿ ಮೆಕ್ಯಾನಿಕಲ್ ಗೆಳೆಯರಿಗಾಗಿ ಸ್ವಲ್ಪ ನಿಲ್ಲುತ್ತೇನೆ. ಆ ಕಾಲದ ಆರು ಸಿಲಿಂಡರ್ ಎಂಜಿನ್‌ಗಳಲ್ಲಿ ಉದ್ದನೆಯ ಕ್ರ್ಯಾಂಕ್‌ಶಾಫ್ಟ್ ಒಂದು ವೇಗದಲ್ಲಿ ಒದ್ದೆಬಟ್ಟೆ ಹಿಂಡಿದಂತೆ ತಿರುಚಿಕೊಂಡು ನಡುಗುತ್ತಿತ್ತು, ಕೆಲವೊಮ್ಮೆ ತುಂಡಾಗುತ್ತಿತ್ತು. ನಾವು ಟಾರ್ಷನಲ್ ವೈಬ್ರೇಷನ್ ಎಂದು ಪರೀಕ್ಷೆಗೆ ಬಾಯಿಪಾಠ ಮಾಡುವುದು ಇದನ್ನೇ. ರಾಯ್ಸ್ ಅವರ ಮೊದಲ ಆರು ಸಿಲಿಂಡರ್ ಕಾರಿಗೂ ಈ ಕಾಟ ಇತ್ತು. ಹೊಸ 40/50 ಕಾರಿನಲ್ಲಿ ಅವರು ಸಿಲಿಂಡರ್‌ಗಳನ್ನು ಮೂರು ಮೂರರ ಎರಡು ಗುಂಪು ಮಾಡಿ, ಒಂದರ ಪ್ರತಿಬಿಂಬದಂತೆ ಇನ್ನೊಂದನ್ನು ಕೂರಿಸಿದರು. ಕ್ರ್ಯಾಂಕ್‌ಶಾಫ್ಟ್ ದಪ್ಪ ಮಾಡಿ ಏಳು ಬೇರಿಂಗ್ ಕೊಟ್ಟರು. ಚಾಸಿಗೆ ರಿವೆಟ್ ಬದಲು ಓರೆ ಬೋಲ್ಟ್ ಹಾಕಿಸಿದರು, ಏಕೆಂದರೆ ರಿವೆಟ್ ತೂತನ್ನು ಪೂರ್ತಿ ತುಂಬುತ್ತದೆಂಬ ಭರವಸೆ ಅವರಿಗಿರಲಿಲ್ಲ. ಈ ಮಾಡೆಲ್‌ನ ಬೆಳ್ಳಿ ಬಣ್ಣದ ಒಂದು ಕಾರು 1907ರಲ್ಲಿ ಸುಮಾರು 15,000 ಮೈಲಿಯ ಪರೀಕ್ಷಾ ಓಟ ಮುಗಿಸಿತು. ಸಿಲ್ವರ್ ಗೋಸ್ಟ್ ಎಂಬ ಹೆಸರು ಆ ಒಂದು ಕಾರಿನದ್ದು, ಆಮೇಲೆ ಇಡೀ ಮಾಡೆಲ್‌ಗೆ ಅಂಟಿಕೊಂಡಿತು.

ಇಷ್ಟೆಲ್ಲ ಓದಿ ರಾಯ್ಸ್ ಅವರನ್ನು ದೇವರ ಪಟದ ಪಕ್ಕ ಇಡಬೇಕಿಲ್ಲ. ಅವರ ಜತೆ ಕೆಲಸ ಮಾಡುವುದು ಕಷ್ಟವಿತ್ತು. ರಾತ್ರಿಯೆಲ್ಲ ವರ್ಕ್‌ಶಾಪಿನಲ್ಲಿರುತ್ತಿದ್ದರು, ಕೆಲಸದವರನ್ನೂ ಇರಿಸಿಕೊಳ್ಳುತ್ತಿದ್ದರು. ಊಟ ಮರೆಯುತ್ತಿದ್ದರು, ಹುಡುಗನೊಬ್ಬನನ್ನು ಹಾಲಿನ ಲೋಟದೊಂದಿಗೆ ಅವರ ಹಿಂದೆ ಓಡಿಸಬೇಕಾಗುತ್ತಿತ್ತು ಎಂಬ ಕತೆ ಇದೆ. ವಾರಕ್ಕೆ 70 ಗಂಟೆ ದುಡಿಯಬೇಕೆಂಬ ವಾದದ ಪರ ಇರುವವರಿಗೆ ಇದು ಒಳ್ಳೆಯ ಉದಾಹರಣೆ ಅನ್ನಿಸಬಹುದು. ಆದರೆ ಲೆಕ್ಕ ಪೂರ್ತಿ ಓದಬೇಕು. 1910ರ ಜುಲೈ 12ರಂದು ರೋಲ್ಸ್ ಬೋರ್ನ್‌ಮತ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು, ವಯಸ್ಸು 32. ಮರುವರ್ಷ ರಾಯ್ಸ್ ಸಾವಿನಂಚಿಗೆ ಹೋದರು. ದೊಡ್ಡ ಶಸ್ತ್ರಚಿಕಿತ್ಸೆಯಾಗಿ ಉಳಿದರಾದರೂ ಡರ್ಬಿಯ ಕಾರ್ಖಾನೆಗೆ ಹೋಗುವುದು ನಿಂತೇಹೋಯಿತು. ಆಗ ಅವರಿಗೆ ಐವತ್ತು ಕೂಡ ತುಂಬಿರಲಿಲ್ಲ. ಮದುವೆಯೂ ಮುಂದೆ ಮುರಿಯಿತು. ನರ್ಸ್ ಈಥೆಲ್ ಆಬಿನ್ ಕೊನೆಯವರೆಗೂ ನೋಡಿಕೊಂಡರು.

ಅವರು ಉಳಿದದ್ದು, ಕಂಪನಿಯೂ ಉಳಿದದ್ದು ಕೆಲಸದ ರೀತಿ ಬದಲಾಯಿಸಿದ್ದರಿಂದ. ವ್ಯವಸ್ಥಾಪಕ ಕ್ಲಾಡ್ ಜಾನ್ಸನ್ ಅವರನ್ನು ಡರ್ಬಿಯಿಂದ ದೂರ ಇಟ್ಟರು. ಚಳಿಗಾಲದಲ್ಲಿ ಫ್ರಾನ್ಸಿನ ದಕ್ಷಿಣ ಕರಾವಳಿಯ ಲ ಕೆನಡೆಲ್, ಬೇಸಿಗೆಯಲ್ಲಿ ಇಂಗ್ಲೆಂಡಿನ ಕಡಲದಂಡೆಯ ಹಳ್ಳಿ, ಕೊನೆಯ ವರ್ಷಗಳಲ್ಲಿ ವೆಸ್ಟ್ ವಿಟರಿಂಗ್. ಒಂದು ಸಣ್ಣ ವಿನ್ಯಾಸಕಾರರ ತಂಡ ಜತೆಗಿರುತ್ತಿತ್ತು, ನಕ್ಷೆಗಳು ಅಂಚೆಯಲ್ಲಿ ಡರ್ಬಿಗೆ ಹೋಗುತ್ತಿದ್ದವು. ಇಪ್ಪತ್ತು ವರ್ಷ ವರ್ಕ್ ಫ್ರಂ ಹೋಮ್! ಮಹಾಯುದ್ಧದ ಈಗಲ್ ವಿಮಾನ ಎಂಜಿನ್ ಹೀಗೆ ಮೂಡಿತು. 1919ರಲ್ಲಿ ಆಲ್ಕಾಕ್ ಮತ್ತು ಬ್ರೌನ್ ಮೊದಲ ಬಾರಿಗೆ ಎಲ್ಲೂ ಇಳಿಯದೆ ಅಟ್ಲಾಂಟಿಕ್ ದಾಟಿದ ವಿಮಾನದಲ್ಲಿದ್ದದ್ದು ಎರಡು ಈಗಲ್‌ಗಳು.

ಹಳೆ ಬ್ರಿಟಿಷ್ ಕಾರುಗಳಲ್ಲಿ ನನಗೆ ಹೆಚ್ಚು ಇಷ್ಟವಾದ ಕೂಪೆಗಳ ಕತೆಯೂ ಈ ಫ್ರಾನ್ಸ್ ಪ್ರಯಾಣದಿಂದಲೇ ಶುರುವಾಗುತ್ತದೆ. ಕೂಪೆ ಎಂದರೆ ಫ್ರೆಂಚ್‌ನಲ್ಲಿ ಕತ್ತರಿಸಿದ್ದು. ನಮ್ಮ ರೈಲಿನ ಫಸ್ಟ್ ಕ್ಲಾಸ್‌ನಲ್ಲಿ ಇಬ್ಬರಿಗಷ್ಟೇ ಇರುವ ಪುಟ್ಟ ಕೋಣೆಯನ್ನು ಕೂಪೆ ಎನ್ನುತ್ತಾರಲ್ಲ, ಅದೇ ಪದ. ಕಾರಿನಲ್ಲಿ ಕೂಪೆ ಎಂದರೆ ಎರಡು ಬಾಗಿಲು, ತಗ್ಗಿದ ಮಾಡು. ಅರಮನೆಗಳಿಗೆ ಬಂದ ಉದ್ದನೆಯ ಲಿಮೋಸಿನ್‌ಗಳಲ್ಲಿ ಮಾಲೀಕ ಹಿಂದೆ ಕೂರುತ್ತಿದ್ದ, ಡ್ರೈವರ್ ಓಡಿಸುತ್ತಿದ್ದ. ಕೂಪೆಯಲ್ಲಿ ಸ್ಟೀರಿಂಗ್ ಮಾಲೀಕನ ಕೈಯಲ್ಲೇ. ಕಂಪನಿ ಆಗ ಬಾಡಿ ಮಾಡುತ್ತಿರಲಿಲ್ಲ, ಚಾಸಿ ಮತ್ತು ಎಂಜಿನ್ ಕೊಡುತ್ತಿತ್ತು. ಬಾರ್ಕರ್, ಹೂಪರ್, ಮುಲಿನರ್ ಮೊದಲಾದ ಬಾಡಿ ಕಟ್ಟುವವರು ಬೇಕಾದ ರೂಪ ಕೊಡುತ್ತಿದ್ದರು.

ಫ್ರಾನ್ಸಿನ ನೇರ ರಸ್ತೆಗಳಲ್ಲಿ ದಿನವಿಡೀ ವೇಗವಾಗಿ ಓಡಿಸಲು ದೊಡ್ಡ ಫ್ಯಾಂಟಮ್ ಭಾರವೆನಿಸುತ್ತಿತ್ತು. 1930ರಲ್ಲಿ ರಾಯ್ಸ್ ಅವರಿಗಾಗಿ ಗಿಡ್ಡ ಚಾಸಿಯ ಮೇಲೆ ನಾಲ್ವರಷ್ಟೇ ಕೂರುವ, ತಗ್ಗಿದ ಬಾಡಿಯ ಒಂದು ಪ್ರಯೋಗದ ಕಾರು ಮಾಡಿದರು. ಅದರ ಬಾಡಿಯ ಹೊಣೆ ಐವನ್ ಎವರ್ನ್‌ಡೆನ್ ಎಂಬ ತರುಣ ಎಂಜಿನಿಯರ್‌ದು. ಅದೇ ಫ್ಯಾಂಟಮ್ 2 ಕಾಂಟಿನೆಂಟಲ್ ಆಯಿತು. ಆ ಚಾಸಿಯ ಮೇಲೆ ಕಟ್ಟಿದ ಕೂಪೆಗಳನ್ನು ಇಂದು ಹರಾಜಿನಲ್ಲಿ ನೋಡಬಹುದು, ಬೆಲೆ ಮಾತ್ರ ಓದಬಾರದು.

1931ರಲ್ಲಿ ಕಂಪನಿ ದಿವಾಳಿಯಾಗಿದ್ದ ಬೆಂಟ್ಲಿಯನ್ನು ಕೊಂಡಿತು. ಆ ವರ್ಷವೇ ರಾಯ್ಸ್ ಅವರ ‘ಆರ್’ ಎಂಜಿನ್ ಹೊತ್ತ ವಿಮಾನ ಷ್ನೈಡರ್ ಟ್ರೋಫಿ ಗೆದ್ದು, ಮುಂದೆ ಗಂಟೆಗೆ 400 ಮೈಲಿಯ ಗಡಿ ದಾಟಿತು. ವೆಸ್ಟ್ ವಿಟರಿಂಗ್‌ನ ಮರಳಿನ ಮೇಲೆ ಕೋಲಿನಿಂದ ಅದರ ಮೊದಲ ಗೆರೆ ಎಳೆದರು ಎನ್ನುತ್ತಾರೆ. 1930ರಲ್ಲಿ ಬ್ಯಾರನೆಟ್ ಪದವಿ ಬಂದು ಸರ್ ಆಗಿದ್ದರು, ಆದರೂ ತಮ್ಮನ್ನು ಮೆಕ್ಯಾನಿಕ್ ಎಂದೇ ಹೇಳಿಕೊಳ್ಳುತ್ತಿದ್ದರು. 1933ರ ಏಪ್ರಿಲ್ 22ರಂದು ತೀರಿಕೊಂಡರು. ಕಾರಿನ ಆರ್‌ಆರ್ ಗುರುತು ಕೆಂಪಿನಿಂದ ಕಪ್ಪಾದದ್ದು ಅವರ ಶೋಕಕ್ಕೆ ಎಂಬುದು ಇನ್ನೊಂದು ಫಾರ್ವರ್ಡ್ ಕತೆ. ಬಣ್ಣ ಬದಲಿಸುವುದು ಅವರಿದ್ದಾಗಲೇ ತೀರ್ಮಾನವಾಗಿತ್ತು. ಅವರ ಕೊನೆಯ ದಿನಗಳಲ್ಲಿ ನಕ್ಷೆಯಲ್ಲಿದ್ದ ಹೊಸ ವಿ-12 ಎಂಜಿನ್ ಅದೇ ಅಕ್ಟೋಬರ್‌ನಲ್ಲಿ ಮೊದಲ ಬಾರಿ ಓಡಿತು. ಮರ್ಲಿನ್ ಎಂಬ ಹೆಸರಿನಲ್ಲಿ ಅದು ಸ್ಪಿಟ್‌ಫೈರ್‌ಗೆ, ಹರಿಕೇನ್‌ಗೆ ಹೋಯಿತು.

ಕಾರು ಮತ್ತು ವಿಮಾನ ಎಂಜಿನ್ 1970ರ ದಶಕದಲ್ಲಿ ಬೇರೆ ಬೇರೆ ಕಂಪನಿಗಳಾದವು. ಕಾರು ಈಗ ಬಿಎಂಡಬ್ಲ್ಯು ಕೈಯಲ್ಲಿದೆ, ಬೆಂಟ್ಲಿ ಫೋಕ್ಸ್‌ವ್ಯಾಗನ್ ಕೈಯಲ್ಲಿದೆ. ಕೆಲಸ ಹುಡುಕುವ ನಮಗೆ ಹತ್ತಿರದ್ದು ವಿಮಾನ ಎಂಜಿನ್‌ನ ಕಡೆ: ಜಾಗ್ವಾರ್ ಯುದ್ಧವಿಮಾನದ ಅಡೂರ್ ಎಂಜಿನ್‌ಗಳು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಪರವಾನಗಿ ಪಡೆದು ತಯಾರಾದವು, ಎಚ್‌ಎಎಲ್ ಜತೆ ಎಂಜಿನ್ ಭಾಗಗಳ ಜಂಟಿ ಕಾರ್ಖಾನೆಯೂ ಅಲ್ಲಿದೆ.

ಕೂಪೆಯ ಕತೆ ರಾಯ್ಸ್ ನಂತರವೂ ಮುಂದುವರಿಯಿತು. ಎವರ್ನ್‌ಡೆನ್ ಎರಡನೇ ಮಹಾಯುದ್ಧ ಮುಗಿದ ಮೇಲೆ ಅದೇ ಹಳೆಯ ಆಸೆಯನ್ನು ಕೈಗೆತ್ತಿಕೊಂಡರು. ಜಾನ್ ಬ್ಲಾಚ್ಲಿ ರೂಪ ಕೊಟ್ಟರು, ಮುಲಿನರ್ ಅಲ್ಯೂಮಿನಿಯಂ ಬಾಡಿ ಕಟ್ಟಿತು, ಮಾದರಿಯನ್ನು ವಿಂಡ್ ಟನಲ್‌ನಲ್ಲಿ ಪರೀಕ್ಷಿಸಿದರು. 1952ರಲ್ಲಿ ಬಂದ ಬೆಂಟ್ಲಿ ಆರ್ ಟೈಪ್ ಕಾಂಟಿನೆಂಟಲ್ ನಾಲ್ವರನ್ನು ಕೂರಿಸಿಕೊಂಡು ಗಂಟೆಗೆ ಸುಮಾರು 190 ಕಿಲೋಮೀಟರ್ ಓಡುತ್ತಿತ್ತು. ಮಾಡಿದ್ದು ಒಟ್ಟು 208 ಮಾತ್ರ. ಹಿಂಭಾಗ ನಿಧಾನವಾಗಿ ಇಳಿದುಹೋಗುವ ಆ ಗೆರೆಯನ್ನು ಫೋಟೊದಲ್ಲಿ ನೋಡಿ, ಇಂದಿನ ಬೆಂಟ್ಲಿ ಕಾಂಟಿನೆಂಟಲ್ ಕೂಡ ಅದನ್ನೇ ನಕಲು ಮಾಡುತ್ತಿದೆ.

ಇಂಥ ಕಾರಿನ ಮಾಲೀಕರಾಗುವ ಅದೃಷ್ಟ ನಮಗಿಲ್ಲದಿದ್ದರೂ ನೆನಪಿಡುವ ವ್ಯವಸ್ಥೆ ಒಂದಿದೆ. ಇಂಗ್ಲೆಂಡಿನ ಪಾಲರ್ಸ್‌ಪುರಿ ಎಂಬ ಹಳ್ಳಿಯಲ್ಲಿ, ಹಂಟ್ ಹೌಸ್ ಎಂಬ ಕಟ್ಟಡದಲ್ಲಿ, ಹಳೆಯ ರೋಲ್ಸ್ ರಾಯ್ಸ್ ಮತ್ತು ಡರ್ಬಿ ಬೆಂಟ್ಲಿ ಚಾಸಿಗಳ ಮೂಲ ದಾಖಲೆ ಕಾರ್ಡುಗಳನ್ನು ಕಾಪಾಡಿದ್ದಾರೆ. ಚಾಸಿ ನಂಬರ್ ಕೊಟ್ಟರೆ ಆ ಕಾರನ್ನು ಮೊದಲು ತರಿಸಿದವರು ಯಾರು, ಬಾಡಿ ಕಟ್ಟಿದ್ದು ಯಾರು, ಎಲ್ಲಿಗೆ ಹೋಯಿತು ಎಂಬುದರ ಪ್ರತಿ ಸಿಗುತ್ತದೆ. ಸಂಸ್ಥಾನಗಳು ಹೋದ ಮೇಲೆ ಅರಮನೆಗಳ ಕಾರುಗಳು ಊರೂರಿಗೆ ಚದುರಿದವು. ನಮ್ಮಲ್ಲಿ ಆಗಾಗ ನಡೆಯುವ ಹಳೆ ಕಾರುಗಳ ರ‍್ಯಾಲಿಯಲ್ಲಿ ಒಂದು ರೋಲ್ಸ್ ಕಂಡರೆ ಫೋಟೊ ತೆಗೆದುಕೊಳ್ಳುವ ಮೊದಲು ಮಾಲೀಕರ ಅನುಮತಿ ಕೇಳಿ ಬಾನೆಟ್ ಒಳಗಿನ ತಗಡಿನ ಫಲಕದ ಮೇಲಿರುವ ನಂಬರ್ ನೋಡಿ.