ಮೊದಲು ಶಾಲೆ, ಅನಂತರ ಬ್ಯಾಂಕು: ಅಮ್ಮೆಂಬಳ ಸುಬ್ಬರಾವ್ ಪೈ

ಕಂಪೆನಿಗಳು ಲಾಭದ ಒಂದು ಪಾಲನ್ನು ಸಮಾಜಕ್ಕೆ ಕೊಡಬೇಕೆಂಬುದು ಇಂದು ಕಾನೂನು. 2013ರ ಕಂಪೆನಿ ಕಾಯಿದೆಯಂತೆ ದೊಡ್ಡ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜ ಕಾರ್ಯಕ್ಕೆ ವಿನಿಯೋಗಿಸಬೇಕು. ಅದಕ್ಕಿಂತ 107 ವರ್ಷ ಮೊದಲೇ, ಯಾರ ಒತ್ತಾಯವೂ ಇಲ್ಲದೆ, ಸಮಾಜ ಸೇವೆಯನ್ನು ಬ್ಯಾಂಕಿನ ಧ್ಯೇಯವನ್ನಾಗಿ ಮಾಡಿದವರು ಕೆನರಾ ಬ್ಯಾಂಕಿನ ಸ್ಥಾಪಕ ಅಮ್ಮೆಂಬಳ ಸುಬ್ಬರಾವ್ ಪೈ.

ಸುಬ್ಬರಾವ್ ಪೈ ಅವರು ಹುಟ್ಟಿದ್ದು 1852ರ ನವೆಂಬರ್ 19ರಂದು, ಮೂಲ್ಕಿಯಲ್ಲಿ. ತಂದೆ ಉಪೇಂದ್ರ ಪೈ ಮುನ್ಸೀಫ್ ಕೋರ್ಟಿನ ವಕೀಲರಾಗಿದ್ದರು. ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಹೆಚ್ಚಿನ ವಿದ್ಯೆ ಬೇಕೆಂದರೆ ಊರು ಬಿಟ್ಟು ಮದ್ರಾಸಿಗೇ ಹೋಗಬೇಕು. ಸುಬ್ಬರಾಯರು ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, ಕಾನೂನು ಪದವಿ ಪಡೆದು, 1876ರಲ್ಲಿ ಮಂಗಳೂರಿಗೆ ಮರಳಿ ವಕೀಲಿ ವೃತ್ತಿ ಆರಂಭಿಸಿದರು. ವ್ಯಾಜ್ಯ ಬೆಳೆದಷ್ಟೂ ವಕೀಲರಿಗೆ ಸಂಪಾದನೆ. ಆದರೆ ಇವರು ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸಲು ನೋಡುತ್ತಿದ್ದರೆಂದು ಇಂದಿಗೂ ನೆನೆಯುತ್ತಾರೆ.

ತಾವು ವಿದ್ಯೆಗಾಗಿ ಊರು ಬಿಟ್ಟವರು ಊರಿನ ಮಕ್ಕಳಿಗಾಗಿ ಊರಲ್ಲೇ ಶಾಲೆ ಕಟ್ಟಲು ಮುಂದಾದರು. 1891ರಲ್ಲಿ ಮಂಗಳೂರಿನಲ್ಲಿ ಕೆನರಾ ಹೈಸ್ಕೂಲ್ ಸ್ಥಾಪನೆಯಾಯಿತು. ಮೂರೇ ವರ್ಷಗಳಲ್ಲಿ, 1894ರಲ್ಲಿ, ಹೆಣ್ಣುಮಕ್ಕಳಿಗಾಗಿಯೇ ಕೆನರಾ ಗರ್ಲ್ಸ್ ಹೈಸ್ಕೂಲ್ ಬಂತು. ಹೆಣ್ಣುಮಕ್ಕಳನ್ನು ಎಳೆಯ ವಯಸ್ಸಿನಲ್ಲೇ ಮದುವೆ ಮಾಡಿ ಕಳುಹಿಸುತ್ತಿದ್ದ ಕಾಲವದು. ಹುಡುಗಿಯರು ಪಾಟಿ, ಪುಸ್ತಕ ಹಿಡಿದು ಹೊರಗೆ ಬರುವುದನ್ನು ಒಪ್ಪದ ಮನೆಗಳೇ ಹೆಚ್ಚಾಗಿದ್ದವು. ಅಂಥ ಕಾಲದಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆಯುವುದು ಸಣ್ಣ ಕೆಲಸವಲ್ಲ.

ಬ್ಯಾಂಕಿನ ಯೋಚನೆ ಕೈಗೂಡಿದ್ದು ಇದಾದ ಹನ್ನೆರಡು ವರ್ಷಗಳ ಮೇಲೆ. ಮದ್ರಾಸ್ ಬ್ಯಾಂಕಿನ ಶಾಖೆ ಮಂಗಳೂರಿನಲ್ಲಿತ್ತಾದರೂ ಅದು ದೊಡ್ಡ ವ್ಯಾಪಾರಸ್ಥರಿಗೆ. ಸಣ್ಣ ವ್ಯಾಪಾರಿಗೆ, ಕೃಷಿಕನಿಗೆ, ಮಗಳ ಮದುವೆಗೆ ಹಣ ಬೇಕಾದವನಿಗೆ ಸಾಹುಕಾರನೇ ಗತಿ. ಅಡವಿಟ್ಟ ಚಿನ್ನವಾಗಲಿ ಗದ್ದೆಯಾಗಲಿ ಮರಳಿ ಕೈಸೇರುವ ಭರವಸೆ ಇರಲಿಲ್ಲ. ಹತ್ತಾರು ಜನರ ಸಣ್ಣ ಸಣ್ಣ ಉಳಿತಾಯವನ್ನು ಒಂದೆಡೆ ಸೇರಿಸಿ, ಅಗತ್ಯವಿದ್ದವರಿಗೆ ನ್ಯಾಯವಾದ ಬಡ್ಡಿಗೆ ಕೊಡುವ ನಿಧಿಗಳು ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಅದೇ ಮಾದರಿಯಲ್ಲಿ 1906ರ ಜುಲೈ 1ರಂದು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಆರಂಭವಾಯಿತು. ಆಗ ಪೈ ಅವರಿಗೆ 53 ವರ್ಷ.

ಈ ಫಂಡಿನ ಧ್ಯೇಯಗಳನ್ನು ನೋಡಿದರೆ ಶಾಲೆ ಕಟ್ಟಿದ ಮನಸ್ಸೇ ಇಲ್ಲಿಯೂ ಕಾಣುತ್ತದೆ. ಅಜ್ಞಾನ, ಮೂಢನಂಬಿಕೆಗಳನ್ನು ತೊಲಗಿಸುವುದು, ವಿದ್ಯೆ ಹರಡುವುದು, ಉಳಿತಾಯದ ಅಭ್ಯಾಸ ಬೆಳೆಸುವುದು, ಕಷ್ಟದಲ್ಲಿದ್ದವರಿಗೆ ನೆರವಾಗುವುದು, ಹಣಕಾಸು ಸಂಸ್ಥೆಯನ್ನು ಸಮಾಜದ ಹೃದಯವನ್ನಾಗಿಯೂ ಮಾಡುವುದು ಅದರ ಉದ್ದೇಶಗಳಾಗಿದ್ದವು.

ಫಂಡ್ ಆರಂಭವಾಗಿ ನಾಲ್ಕು ತಿಂಗಳು ತುಂಬುವ ಮೊದಲೇ, ಅದೇ ಅಕ್ಟೋಬರಿನಲ್ಲಿ, ಮದ್ರಾಸಿನ ಪ್ರತಿಷ್ಠಿತ ಅರ್ಬತ್‌ನಾಟ್ ಕಂಪೆನಿ ದಿವಾಳಿಯೆದ್ದು ಸಾವಿರಾರು ಠೇವಣಿದಾರರು ಬೀದಿಗೆ ಬಿದ್ದರು. ಬ್ಯಾಂಕೆಂದರೆ ಜನ ಹೆದರುವ ಹೊತ್ತಿನಲ್ಲಿಯೂ ಮಂಗಳೂರಿನ ಈ ಫಂಡ್ ನಿಂತಿತು. ಆದರೆ ಅದರ ಬೆಳವಣಿಗೆಯನ್ನು ನೋಡಲು ಸ್ಥಾಪಕರಿಗೆ ಆಯುಷ್ಯವಿರಲಿಲ್ಲ. 1909ರ ಜುಲೈ 25ರಂದು ಸುಬ್ಬರಾವ್ ಪೈ ನಿಧನರಾದರು. ಆಗ ಅವರಿಗೆ 56 ವರ್ಷ.

ಮರುವರ್ಷ, 1910ರಲ್ಲಿ, ಸಂಸ್ಥೆ ಕೆನರಾ ಬ್ಯಾಂಕ್ ಲಿಮಿಟೆಡ್ ಆಯಿತು. ಹಿಂದೂ ಎಂಬ ಪದ ಹೆಸರಿನಿಂದ ಹೋಯಿತು. 1906ರ ಮಾರ್ಚ್‌ನಲ್ಲೇ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಟ್ಟಿದ್ದ ಬ್ಯಾಂಕು ಮುಂದೆ ಕಾರ್ಪೊರೇಶನ್ ಬ್ಯಾಂಕ್ ಎಂದು ಹೆಸರಾಯಿತು. ಒಂದೇ ವರ್ಷ, ಒಂದೇ ಜಿಲ್ಲೆ, ಇಬ್ಬರು ಮಹನೀಯರು. 1969ರ ಜುಲೈ 19ರಂದು ಕೆನರಾ ಬ್ಯಾಂಕ್ ರಾಷ್ಟ್ರೀಕರಣಗೊಂಡಿತು. 1982ರಲ್ಲಿ ಧರ್ಮಸ್ಥಳದ ಟ್ರಸ್ಟ್ ಹಾಗೂ ಸಿಂಡಿಕೇಟ್ ಬ್ಯಾಂಕಿನೊಂದಿಗೆ ಸೇರಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆಯನ್ನು ಸ್ಥಾಪಿಸಿ, ನಿರುದ್ಯೋಗಿ ಯುವಕ ಯುವತಿಯರಿಗೆ ಉಚಿತ ಸ್ವ-ಉದ್ಯೋಗ ತರಬೇತಿ ಆರಂಭಿಸಿತು. ಇದೇ ಮಾದರಿ ಇಂದು ದೇಶದ ಜಿಲ್ಲೆ ಜಿಲ್ಲೆಗಳನ್ನು ತಲುಪಿದೆ. 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.

ಕರಾವಳಿಯವರು ಈ ಪಾಠವನ್ನು ಮುಂಬಯಿಗೂ ತಂದರು. 1946ರಲ್ಲಿ ಮೊಗವೀರ ಬ್ಯಾಂಕ್, 1978ರಲ್ಲಿ ಭಾರತ್ ಬ್ಯಾಂಕ್ ಹುಟ್ಟಿದ್ದು ಇಲ್ಲಿನ ಸಮಾಜ ಸಂಘಟನೆಗಳಿಂದಲೇ. ಹಗಲು ಹೊಟೇಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತ ಹುಡುಗರಿಗೆ ವಿದ್ಯೆಯ ಬೆಲೆಯೂ ಗೊತ್ತಿತ್ತು, ಉಳಿಸಿದ ನಾಲ್ಕಾಣೆಯ ಬೆಲೆಯೂ ಗೊತ್ತಿತ್ತು. ಸಂಘಗಳು ವರ್ಷ ವರ್ಷವೂ ಮಕ್ಕಳಿಗೆ ವಿದ್ಯಾರ್ಥಿವೇತನ ಹಂಚುವಾಗ ನಡೆಯುವುದೂ ಅದೇ ಕೆಲಸ.

ನವೆಂಬರ್ 19ನ್ನು ಕೆನರಾ ಬ್ಯಾಂಕ್ ಸ್ಥಾಪಕರ ದಿನವಾಗಿ ಆಚರಿಸುತ್ತದೆ. ಅಂದು ಭಾವಚಿತ್ರಕ್ಕೆ ಹಾರ ಹಾಕುವುದು ಸುಲಭ. ಕೌಂಟರಿನ ಮುಂದೆ ಅಂಜುತ್ತಾ ನಿಂತ ಓದುಬರಹ ಬಾರದ ತಾಯಿಗೆ ಚಲನ್ ತುಂಬಿಕೊಟ್ಟು ಕಳುಹಿಸಿದರೆ ಪೈ ಅವರಿಗೆ ನಿಜವಾದ ಗೌರವ ಸಂದಂತೆ.