ಮಾಡೆಲ್ 21ರ ಡಾಕ್ಟರ್: ಮಸಾಕಿ ವತನಾಬೆ

ಗ್ರೌಂಡಿನಲ್ಲಿ ಆಡುವಾಗ ಮಂಡಿ ತಿರುಚಿಕೊಂಡವರು ಪ್ರತಿ ಹಾಸ್ಟೆಲ್‌ನಲ್ಲೂ ಒಬ್ಬರಾದರೂ ಸಿಗ್ತಾರೆ. ಮೆನಿಸ್ಕಸ್ ಹರಿದಿದ್ದರೆ ಇವತ್ತು ಎರಡು ಮೂರು ಸಣ್ಣ ತೂತುಗಳಲ್ಲೇ ಆಪರೇಷನ್ ಮುಗಿಯುತ್ತೆ. ಇದರ ಹಿಂದೆ ಇರುವ ಹೆಸರು ಮಸಾಕಿ ವತನಾಬೆ.

1911ರಲ್ಲಿ ಜಪಾನಿನಲ್ಲಿ ಹುಟ್ಟಿದ ವತನಾಬೆ ಟೋಕಿಯೋದಲ್ಲಿ ವೈದ್ಯರಾದರು. ಅವರ ಗುರು ಕೆಂಜಿ ತಕಾಗಿ. 1918ರಲ್ಲಿ ಮೂತ್ರಕೋಶ ನೋಡುವ ಸಿಸ್ಟೋಸ್ಕೋಪನ್ನು ಶವದ ಮಂಡಿಯೊಳಗೆ ತೂರಿಸಿ ನೋಡಿದವರು ಅವರು. ಮುಂದೆ ಮಂಡಿಗೆಂದೇ ಆರ್ತ್ರೋಸ್ಕೋಪ್ ಮಾಡಿ, ಒಂದೊಂದು ಮಾದರಿಗೂ ನಂಬರ್ ಕೊಟ್ಟರು.

ಮೆನಿಸ್ಕಸ್ ಅಂದರೆ ಮಂಡಿಯ ಎರಡು ಮೂಳೆಗಳ ನಡುವಿನ ಅರ್ಧಚಂದ್ರಾಕಾರದ ವಾಷರ್. ಭಾರವನ್ನು ಹೆಚ್ಚು ಜಾಗಕ್ಕೆ ಹಂಚುವುದು ಅದರ ಕೆಲಸ. ಆಗೆಲ್ಲ ಅದು ಹರಿದರೆ ಮಂಡಿ ಕೊಯ್ದು ಪೂರ್ತಿ ತೆಗೆದುಬಿಡುತ್ತಿದ್ದರು. ವಾಷರ್ ಹೋದರೆ ಏನಾಗುತ್ತೆ? ಲೋಡ್ ಅಷ್ಟೇ, ಏರಿಯಾ ಕಮ್ಮಿ; ಸ್ಟ್ರೆಸ್ ಜಾಸ್ತಿಯಾಗಿ ಕೀಲು ಸವೆಯುತ್ತೆ. ಹರಿದಷ್ಟನ್ನೇ ತೆಗೆಯಬೇಕು ಅಂದರೆ ಮೊದಲು ಒಳಗೆ ಚೆನ್ನಾಗಿ ಕಾಣಬೇಕು.

ಯುದ್ಧ ಮುಗಿದ ಮೇಲೆ ವತನಾಬೆ ಗುರುವಿನ ನಂಬರ್‌ಗಳನ್ನೇ ಮುಂದುವರಿಸಿದರು. 1957ರಲ್ಲಿ ಬಾರ್ಸಿಲೋನಾ ಸಮ್ಮೇಳನದಲ್ಲಿ ತಮ್ಮ ಕೆಲಸದ ಫಿಲ್ಮ್ ತೋರಿಸಿದರೂ ಯಾರೂ ಅಷ್ಟಾಗಿ ತಲೆಕೆಡಿಸಿಕೊಳ್ಳಲಿಲ್ಲ. ಅವರು ನಿಲ್ಲಿಸಲಿಲ್ಲ. ಒಂದೆರಡು ವರ್ಷದಲ್ಲೇ ಮಾಡೆಲ್ 21 ಬಂತು. ತುದಿಯಲ್ಲಿ ಪುಟ್ಟ ಬಲ್ಬು, ಅಗಲವಾದ ನೋಟ. ಬಲ್ಬು ಮಂಡಿಯೊಳಗೇ ಒಡೆಯುವ ಭಯವೂ ಇತ್ತು! 1967ರ ಮಾಡೆಲ್ 22ರಲ್ಲಿ ಫೈಬರ್ ಮೂಲಕ ಬೆಳಕು ತಂದು ಆ ತೊಂದರೆಯನ್ನೂ ಕಳೆದರು.

1962ರ ಮೇ 4ರಂದು, ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದ 17 ವರ್ಷದ ಹುಡುಗನೊಬ್ಬನ ಮಂಡಿ ಅವರ ಮುಂದಿತ್ತು. ಆರ್ತ್ರೋಸ್ಕೋಪ್‌ನಲ್ಲಿ ನೋಡುತ್ತಾ, ಹರಿದ ಚೂರನ್ನಷ್ಟೇ ಕತ್ತರಿಸಿ ತೆಗೆದರು. ಆರು ವಾರದಲ್ಲಿ ಹುಡುಗ ಮತ್ತೆ ಕೋರ್ಟಿಗಿಳಿದ.

1964ರಲ್ಲಿ ಕೆನಡಾದ ರಾಬರ್ಟ್ ಜಾಕ್ಸನ್ ಬಂದು ಈ ವಿದ್ಯೆ ಕಲಿತರು. ಬದಲಿಗೆ ವತನಾಬೆಗೆ ಇಂಗ್ಲಿಷ್ ಕಲಿಸಿದರು. ಹೀಗೆ ತಂತ್ರ ಅಮೆರಿಕ ಖಂಡಕ್ಕೆ ಹೋಯಿತು. 1969ರಲ್ಲಿ ವತನಾಬೆಯ ಸಹೋದ್ಯೋಗಿ ಹಿರೋಶಿ ಇಕೆಉಚಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹರಿದದ್ದನ್ನು ಕತ್ತರಿಸದೆ ಆರ್ತ್ರೋಸ್ಕೋಪ್‌ನಲ್ಲೇ ಹೊಲಿದರು. ಮೆನಿಸ್ಕಸ್‌ನ ಹೊರ ಅಂಚಿಗೆ ಮಾತ್ರ ರಕ್ತ ಚೆನ್ನಾಗಿ ಸಿಗುವುದರಿಂದ ಅಲ್ಲಿನ ಹೊಲಿಗೆ ಬೇಗ ಕೂಡುತ್ತೆ. ಇಂದು ಮಂಡಿಯೊಳಗಿನಿಂದಲೇ ಹೊಲಿಗೆ ಕೂರಿಸುವ ಸಾಧನಗಳೂ ಇವೆ.

1974ರಲ್ಲಿ ಅಂತರರಾಷ್ಟ್ರೀಯ ಆರ್ತ್ರೋಸ್ಕೋಪಿ ಸಂಘ ಶುರುವಾದಾಗ ವತನಾಬೆಯೇ ಮೊದಲ ಅಧ್ಯಕ್ಷ. 1995ರಲ್ಲಿ ತೀರಿಕೊಂಡರು. ನಮ್ಮ ಪ್ರಾಜೆಕ್ಟಿನ ಮೂರನೇ ಪ್ರೊಟೊಟೈಪ್ ಕೈಕೊಟ್ಟಾಗ ಬೇಜಾರಾಗುತ್ತಲ್ಲ, ಆಗ 21 ಅನ್ನುವ ನಂಬರ್ ನೆನಪಿಟ್ಟುಕೊಳ್ಳಿ.